ದಮ್ಮಿನ ಮನೆತನ

ನಮ್ಮ ಅವ್ವನ ತವರಿನ ಹೆಂಗಸರಿಗೆ ದಮ್ಮು ಜಾಸ್ತಿ. ಮದುವೆಯಾದ ಹೊಸತರಲ್ಲಿ ನಮ್ಮ ಅಪ್ಪ ಉಚ್ಚೆಂಗೆಪ್ಪ ಈ ಮಾತನ್ನು ಎದೆ ಉಬ್ಬಿಸಿ ಹೇಳುತ್ತಿದ್ದನಂತೆ. ಕಂಪ್ಲಿಯ ಆ ಮನೆಯ ಹೆಂಗಸರು ಗಂಡಸರಿಗೆ ಸಮನಾಗಿ ಭತ್ತದ ಚೀಲ ಎತ್ತುತ್ತಾರೆ, ಅಡ್ಡ ಮಾತಾಡಿದವನ ಚಳಿ ಬಿಡಿಸುತ್ತಾರೆ ಎಂಬ ಅರ್ಥದಲ್ಲಿ. ಇಪ್ಪತ್ತೈದು ವರ್ಷ ಕಳೆದ ಮೇಲೆ ಅದೇ ಅಪ್ಪ ಅದೇ ಮಾತನ್ನು ದನಿ ತಗ್ಗಿಸಿ ಹೇಳತೊಡಗಿದ. ನಮ್ಮ ಕಡೆ ಧೈರ್ಯಕ್ಕೂ ದಮ್ಮು, ಉಬ್ಬಸಕ್ಕೂ ದಮ್ಮು, ಬೀಡಿಗೂ ದಮ್ಮು, ಬಿರಿಯಾನಿಗೂ ದಮ್ಮು. ಯಾರಿಗೆ ಯಾವುದು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳಿದ್ದರೆ ನಮ್ಮ ಮನೆಯಲ್ಲಿ ಏನಾಗುತ್ತಿದೆ ಎಂಬುದು ಒಂಬತ್ತು ವರ್ಷ ಮೊದಲೇ ತಿಳಿಯುತ್ತಿತ್ತೇನೋ.

ನಾನು ಪಂಪೇಶ. ಹೊಸಪೇಟೆಯಲ್ಲಿ ಬಿ.ಎ. ಮುಗಿಸಿ, ಪ್ರಚಾರದ ಆಟೊಗಳಿಗೆ ದನಿ ಕೊಡುವ ಕೆಲಸ ಹಿಡಿದಿದ್ದೇನೆ. ಕಂಪ್ಲಿಯಿಂದ ಸಂಡೂರಿನವರೆಗೆ ಮೈಕು ಕಟ್ಟಿಕೊಂಡು ತಿರುಗುವ ಆಟೊಗಳಲ್ಲಿ ಸೀರೆ ಸೇಲಿಗೆ ಕರೆಯುವ ಹೆಂಗಸು, ಕೋಚಿಂಗ್ ಸೆಂಟರಿನ ಮೇಷ್ಟ್ರು, ಮಂಡಿನೋವಿನ ಎಣ್ಣೆಗೆ ಕೈಮುಗಿಯುವ ಮುದುಕಿ, ಎಲ್ಲರೂ ನಾನೇ. ಆ ಮುದುಕಿಯ ದನಿ ನನ್ನ ಅಜ್ಜಿ ಬಸಕ್ಕನದು. ಅವ್ವನ ಅವ್ವ. ಸತ್ತು ಒಂಬತ್ತು ವರ್ಷವಾಯಿತು. ಆಕೆಯ ಒಂದು ಫೋಟೊ ಕೂಡ ಮನೆಯಲ್ಲಿ ನೆಟ್ಟಗಿಲ್ಲ; ದನಿಯೊಂದು ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ಕೂತಿದೆ.

ಬಂಧುಗಳ ಮದುವೆಯಲ್ಲಿ ಊಟವಾದ ಮೇಲೆ ನನಗೆ ಒಂದು ಐಟಂ ಕಾಯಂ ಇತ್ತು. 'ಬಸಕ್ಕ ದಿಬ್ಬ ಹತ್ತೋದು.' ಕಂಪ್ಲಿಯ ಹೊಳೆಯಿಂದ ಬಟ್ಟೆಯ ಗಂಟು ಹೊತ್ತು ಕೋಟೆಯ ದಿಬ್ಬ ಏರುವಾಗ ಅಜ್ಜಿ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಗಂಟು ಇಳಿಸಿ, ಕಾಲೆತ್ತಿ, ಅಂಗಾಲಲ್ಲಿ ಇಲ್ಲದ ಮುಳ್ಳು ಹುಡುಕುತ್ತ, "ಯಾವ ಹಾಳಾದವ ಹಾದ್ಯಾಗ ಮುಳ್ಳು ಚೆಲ್ಲ್ಯಾನೋ, ಅವನ ಬಾಯಾಗ ಮಣ್ಣು ಬೀಳ" ಎಂದು ಬಯ್ದು, ಮತ್ತೆ ಹತ್ತು ಹೆಜ್ಜೆ. ಆ ದಿಬ್ಬದಲ್ಲಿ ಮುಳ್ಳಿನ ಗಿಡವೇ ಇರಲಿಲ್ಲ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ನನ್ನ ಅವ್ವ ರೇಣುಕಮ್ಮನೂ ನಗುತ್ತಿದ್ದಳು.

ಅವ್ವ ಬುಕ್ಕಸಾಗರದ ಗದ್ದೆಗಳಲ್ಲಿ ನಾಟಿ ಮಾಡಿ ನನ್ನನ್ನೂ ತಂಗಿಯನ್ನೂ ಓದಿಸಿದವಳು. ಆರು ವರ್ಷದ ಹಿಂದೆ ಅವಳ ಬೆರಳುಗಳು ತಣ್ಣೀರು ತಾಗಿದರೆ ಸುಣ್ಣದಂತೆ ಬಿಳಿಚಿಕೊಳ್ಳಲು ಶುರುವಾದವು. ಆಮೇಲೆ ಚರ್ಮ ಬಿಗಿಯಿತು. ಕೈ, ಮುಖ, ಕುತ್ತಿಗೆ, ಎಲ್ಲವನ್ನೂ ಯಾರೋ ಹಿಂದಿನಿಂದ ಎಳೆದು ಗಂಟು ಹಾಕಿದಂತೆ. ಈಗ ಮುಷ್ಟಿ ಕಟ್ಟಲು ಬರುವುದಿಲ್ಲ. ಬಾಯಿ ಮೂರು ಬೆರಳಿನಷ್ಟೂ ತೆರೆಯುವುದಿಲ್ಲ. ಕಳೆದ ದೀಪಾವಳಿಯಿಂದ ಅಡುಗೆಮನೆಯಿಂದ ಹಿತ್ತಿಲಿಗೆ ಹೋಗಲೂ ಎರಡು ಸಲ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಆರೋಗ್ಯ ಕೇಂದ್ರದ ಸಿಸ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದು, "ನೂರಾ ಹತ್ತು, ಎಪ್ಪತ್ತು. ಬಿಪಿ ಮಸ್ತ್ ಐತಿ ನೋಡವ್ವ" ಎಂದು ಕಾರ್ಡಿನಲ್ಲಿ ಬರೆದು ಕಳಿಸಿದ್ದರು.

ನನ್ನ ತಂಗಿ ಶಿಲ್ಪಶ್ರೀಗೆ ಇಪ್ಪತ್ತಮೂರು. ಪೊಲೀಸ್ ಕಾನ್‌ಸ್ಟೆಬಲ್ ಲಿಖಿತ ಪರೀಕ್ಷೆ ಪಾಸಾಗಿದ್ದಳು. ಇನ್ನು ದೈಹಿಕ ಪರೀಕ್ಷೆ: ನಾನೂರು ಮೀಟರು, ಎರಡು ನಿಮಿಷ. ಕಾಲುವೆಯ ದಂಡೆಯ ಮೇಲೆ ತೂಬಿನಿಂದ ಕರೆಂಟು ಕಂಬದವರೆಗೆ ಅಳೆದಿಟ್ಟು, ದಿನಾ ಬೆಳಿಗ್ಗೆ ಅವಳು ಓಡುವುದು, ಮೊಬೈಲಿನಲ್ಲಿ ಸಮಯ ಹಿಡಿಯುವುದು ನಾನು. ಯುಗಾದಿಯ ಹೊತ್ತಿಗೆ ಒಂದು ನಿಮಿಷ ಐವತ್ತೆರಡು ಇತ್ತು. ಆಮೇಲೆ ಎರಡು ನಾಲ್ಕು. ಎರಡು ಒಂಬತ್ತು.

"ಪೊಲೀಸಮ್ಮ, ಕಳ್ಳ ಈಗಾಗ್ಲೇ ಹೊಸಪ್ಯಾಟಿ ಬಸ್ ಸ್ಟ್ಯಾಂಡಿನಾಗ ಚಾ ಕುಡ್ಯಾಕತ್ಯಾನ."

"ನಿನ್ನ ಮೊಬೈಲು ಜೋರು ಓಡತೈತಲೇ ಪಂಪ್ಯಾ."

"ಮೊಬೈಲು ಕೂತಲ್ಲೇ ಓಡತೈತಿ. ನೀ ಓಡಿದ್ರೂ ಕೂತಂಗ ಕಾಣ್ತಿ."

ಅವಳು ನಡುದಾರಿಯಲ್ಲಿ ನಿಂತು ಮಂಡಿಯೂರಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಳು. ಮೊದಲು ಒಂದು ಸಲ, ಆಮೇಲೆ ಎರಡು ಸಲ. ಅದನ್ನೂ ಅಣಕಿಸಿ ತೋರಿಸಿದ್ದೆ. ಆ ದಿನ ಅವಳು ನಗಲಿಲ್ಲ. "ಇದನ್ನ ಯಾರ ಮುಂದೂ ಮಾಡಬ್ಯಾಡ. ಆಣಿ ಮಾಡು" ಎಂದಳು. ಮಾಡಿದೆ.

ಓಟಕ್ಕೆ ಒಂಬತ್ತು ದಿನವಿರುವಾಗ ನಾನೂ ಶಿಲ್ಪಶ್ರೀಯೂ ಅವ್ವನನ್ನು ಹೊಸಪೇಟೆಯ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ತಿಂಗಳಿಗೊಮ್ಮೆ ಅಲ್ಲಿಗೆ ಕೀಲು-ಚರ್ಮದ ಇಂಥ ರೋಗಗಳನ್ನು ನೋಡುವ ವೈದ್ಯೆ ಬರುತ್ತಾರೆ. ಹೆಸರು ಗಂಗಾಂಬಿಕಾ, ಸಂಡೂರಿನವರು. ಹಾಗಾಗಿ ಅವರ ಇಂಗ್ಲಿಷಿನ ಮೇಲೂ ನಮ್ಮೂರ ಕೆಂಧೂಳು ಕೂತಿರುತ್ತದೆ. ಹಿಂದಿನ ವಾರವೇ ಅವ್ವನ ಎದೆಯ ಎಕೊ ಸ್ಕ್ಯಾನ್ ಆಗಿತ್ತು. ಅವರು ಅದನ್ನು ಬಹಳ ಹೊತ್ತು ನೋಡಿದರು.

"ಅವ್ವ, ನಿಮಗ ಬಿಪಿ ಐತಿ."

"ಬಿಪಿಟಿ ಭತ್ತ ಗೊತ್ತ್ರಿ ನಂಗ, ಮೂವತ್ತು ವರ್ಸ ಅದನ್ನ ನಾಟಿ ಮಾಡೀನಿ. ಬಿಪಿಎಲ್ಲೂ ಐತ್ರಿ, ಕಾರ್ಡು. ಬಿಪಿ ಇಲ್ಲಂತ ಸಿಸ್ಟರಮ್ಮ ಬರೆದು ಕೊಟ್ಟಾಳ ನೋಡ್ರಿ." ಅವ್ವ ಕಾರ್ಡು ಮುಂದಿಟ್ಟಳು.

"ಇದು ತೋಳಿನ ಬಿಪಿ. ನಿಮ್ಮದು ಎದಿಯೊಳಗ. ಹೃದಯದಿಂದ ಪುಪ್ಪುಸಕ್ಕ ಹೋಗೋ ರಕ್ತನಾಳ ಅದಾವಲ್ಲ, ಅವು ನಿಮ್ಮ ಚರ್ಮದಂಗ ಬಿಗಿಯಾಗ್ಯಾವ. ಅಲ್ಲಿ ಒತ್ತಡ ಏರೈತಿ. ತೋಳಿನ ಪಟ್ಟಿಗೆ ಅದು ಕಾಣಂಗಿಲ್ಲ. ಹೃದಯ ಅನ್ನೋ ಪಂಪು ಆ ಒತ್ತಡದ ವಿರುದ್ಧ ತಳ್ಳಿ ತಳ್ಳಿ ಸೋಲಾಕತ್ತೈತಿ."

ಹೆಸರಿನಲ್ಲೇ ಪಂಪು ಇಟ್ಟುಕೊಂಡ ನನಗೆ ಒಂದು ಜೋಕೂ ಹೊಳೆಯಲಿಲ್ಲ.

"ಸಾಯ್ತೀನೇನ್ರಿ?" ಅವ್ವ ಕೇಳಿದ್ದು ಬಸ್ಸು ಎಷ್ಟಕ್ಕೆ ಎಂದು ಕೇಳುವ ದನಿಯಲ್ಲಿ.

"ಗುಳಿಗಿ ಅದಾವ. ಒತ್ತಡ ಇಳಸ್ತಾವ. ಪೂರಾ ವಾಸಿ ಮಾಡಂಗಿಲ್ಲ, ಸುಳ್ಳು ಹೇಳಂಗಿಲ್ಲ ನಾನು." ಅವರು ಒಂದು ಬಿಳಿ ಹಾಳೆ ತೆಗೆದು ನಡುವೆ ಒಂದು ಸೊನ್ನೆ ಬರೆದು, ಒಳಗೆ ಕಪ್ಪು ತುಂಬಿದರು. "ಇದು ನೀವು. ಈಗ ನಿಮ್ಮ ಮನೆತನ ಹೇಳ್ರಿ. ಈ ಚರ್ಮ ಬಿಗಿಯೋ ರೋಗ ಇದ್ದ ಹತ್ತು ಮಂದ್ಯಾಗ ಸುಮಾರು ಒಬ್ಬರಿಗೆ ಹಿಂಗ ಪುಪ್ಪುಸದ ಒತ್ತಡ ಏರತೈತಿ. ಅವರಿಗೇ ಯಾಕ, ಉಳಿದ ಒಂಬತ್ತು ಮಂದಿಗೆ ಯಾಕಿಲ್ಲ ಅನ್ನೋದು ಪೂರಾ ಯಾರಿಗೂ ತಿಳಿದಿಲ್ಲ. ಹುಟ್ತಾ ಬಂದದ್ದು ಒಂದಿಷ್ಟು ಇರಬೌದು, ಆಮ್ಯಾಲೆ ಕೂಡಿದ್ದು ಒಂದಿಷ್ಟು."

"ರಕ್ತ ಪರೀಕ್ಷೆ ಮಾಡಿದ್ರ ತಿಳಿಯಂಗಿಲ್ಲೇನ್ರಿ?" ಎಂದೆ.

"ಕೆಲವು ಮನೆತನದಾಗ ಒಂದು ಜೀನ್ ಸಿಗತೈತಿ. ಭಾಳ ಮಂದ್ಯಾಗ ಸಿಗಂಗಿಲ್ಲ. ಸಿಗಲಿಲ್ಲ ಅಂದ್ರ ಇಲ್ಲ ಅಂತಲ್ಲ. ಅದಕ್ಕ ಮೊದಲು ಮನಿ ಮಂದೀನ್ನ ಕೇಳತೀನಿ. ನಿಮ್ಮವ್ವ ಹೆಂಗ ತೀರಿಕೊಂಡ್ರವ್ವ?"

"ದಮ್ಮು ಬಂದು."

"ಆಕಿ ಅವ್ವ?"

"ಆಕಿಗೂ ದಮ್ಮ ಅಂತ್ರಿ. ನಮ್ಮ ಮನಿ ಹೆಂಗಸರಿಗೆ ದಮ್ಮು ಭಾಳ."

ವೈದ್ಯೆ ಪೆನ್ನು ಕೆಳಗಿಟ್ಟರು. "ದಮ್ಮು ಅಂದ್ರ ನಾ ಏನಂತ ಬರೀಲಿ? ಅಸ್ತಮಾ ಇರಬೌದು, ರಕ್ತ ಕಡಿಮಿ ಇರಬೌದು, ಇದೂ ಇರಬೌದು. ಉಸಿರಾಡಬೇಕಾದ್ರ ಸುಂಯ್ ಅಂತ ಸೀಟಿ ಬರ್ತಿತ್ತೇನು?"

"ಇಲ್ಲ."

"ಕಾಲು ಬಾತಿದ್ವಾ?"

"ಬಾತಿದ್ವು. ಕಡಗ ಕೊಯ್ದು ತೆಗೆದ್ವಿ."

"ಯಾವಾಗ ನಿಂದರ್ತಿದ್ರು, ಎಷ್ಟು ಹೆಜ್ಜೆಗೆ, ಹೆಂಗ? ಒಂದು ಚೀಟಿ ಇಲ್ಲ, ಒಂದು ಎಕ್ಸರೇ ಇಲ್ಲ. ನಂಗ ಆ ಉಸಿರು ಕೇಳಿಸಿದ್ದಿದ್ರ ಸಾಕಿತ್ತು ನೋಡ್ರಿ."

ಅವ್ವನ ಬಿಗಿದ ಮುಖ ಅರಳುವಷ್ಟು ಅರಳಿತು. "ಅದಕ್ಯಾಕ ಚಿಂತಿ ಮಾಡ್ತೀರಿ? ನನ್ನ ಮಗ ಮಾಡಿ ತೋರಸ್ತಾನ. ಏಳಪಾ."

ವೈದ್ಯರ ಕೋಣೆಯಲ್ಲಿ ಮಿಮಿಕ್ರಿ ಮಾಡಿದವರು ಎಷ್ಟು ಜನ ಇದ್ದಾರೋ ತಿಳಿಯದು. ತೂಕದ ಯಂತ್ರವನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತೆ. ತಲೆಯ ಮೇಲೆ ಇಲ್ಲದ ಗಂಟು ಹೊತ್ತೆ. ಹತ್ತು ಹೆಜ್ಜೆ. ನಿಂತೆ, ಗಂಟು ಇಳಿಸಿದೆ, ಕಾಲೆತ್ತಿ ಮುಳ್ಳು ಹುಡುಕಿದೆ, ಹಾಳಾದವನ ಬಾಯಿಗೆ ಮಣ್ಣು ಹಾಕಿದೆ. ಸದ್ದಿಲ್ಲದ ಉಸಿರು, ಸಣ್ಣ ಸಣ್ಣದು, ಮೇಲೆಯೇ ತೇಲುವಂಥದು. ಮಾತಿನ ನಡುವೆ ತುಂಡಾಗುವಂಥದು. ವೈದ್ಯೆ ನಗಲಿಲ್ಲ. ಗಡಿಯಾರ ನೋಡುತ್ತ ನನ್ನ ಉಸಿರು ಎಣಿಸುತ್ತಿದ್ದರು. ನಗದ ಪ್ರೇಕ್ಷಕರ ಮುಂದೆ ಆ ಐಟಂ ಮಾಡಿದ್ದು ಅದೇ ಮೊದಲು. ನಗು ತೆಗೆದರೆ ಅದರಲ್ಲಿ ಉಳಿಯುವುದು ಒಬ್ಬ ಹೆಂಗಸು ಸಾಯುವುದು ಮಾತ್ರ ಎಂದು ಆಗ ಗೊತ್ತಾಯಿತು.

"ಕಡೀ ವರ್ಷ ಹೆಂಗಿತ್ತು? ಅದನ್ನ ಮಾಡ್ರಿ."

ಮಾಡಿದೆ. ನಾಲ್ಕು ಹೆಜ್ಜೆಗೊಮ್ಮೆ. ಮೈ ತಾನೇ ಮುಂದೆ ಹೋಯಿತು; ನಾನು ಹಿಂದೆ ಉಳಿದೆ. ಬಗ್ಗಿದೆ, ಬಲಗಾಲ ಮಂಡಿಯೂರಿದೆ, ಎರಡೂ ಕೈ ಎಡಪಾದದ ಮೇಲೆ ಹೋದವು, ಬೆರಳುಗಳು ಒಂದು ಕುಣಿಕೆ ಹಾಕಿ ಬಿಗಿಯಾಗಿ ಎಳೆದವು. ತಲೆ ತಗ್ಗಿಸಿ ಮೂರು ಉಸಿರು. ಎದ್ದೆ.

"ನಿಮ್ಮಜ್ಜಿ ಬೂಟು ಹಾಕತಿದ್ರೇನು?" ವೈದ್ಯೆ ಕೇಳಿದರು.

"ನಮ್ಮವ್ವನಾ?" ಅವ್ವನಿಗೆ ನಗು ಬಂತು. "ಆಕಿ ಚಪ್ಪಲಿ ಸೈತ ಕಂಡಾಕಿ ಅಲ್ರಿ."

ನಾನು ನೋಡಬಾರದಿತ್ತು. ನೋಡಿದೆ. ಮೂಲೆಯ ಕುರ್ಚಿಯ ಕೆಳಗೆ ಶಿಲ್ಪಶ್ರೀಯ ನೀಲಿ ಬೂಟು. ವೈದ್ಯರ ಕಣ್ಣು ನನ್ನ ಕಣ್ಣಿನ ಹಿಂದೆಯೇ ಹೋಯಿತು. ಅವ್ವನ ಕಣ್ಣು ಎಲ್ಲರಿಗಿಂತ ಕೊನೆಗೆ.

"ಲೇಸು ಸಡ್ಲಾಗತೈತ್ರಿ," ಎಂದಳು ಶಿಲ್ಪಶ್ರೀ. "ಅಗ್ಗದ ಬೂಟು."

ಲೇಸು ಎಂದರೆ ಕನ್ನಡದಲ್ಲಿ ಒಳ್ಳೆಯದು ಎಂದೂ ಅರ್ಥ. ಯಾವ ಅರ್ಥದಲ್ಲೂ ಆ ಮಾತು ಅಲ್ಲಿ ನಿಲ್ಲಲಿಲ್ಲ.

"ಕೈ ಕೊಡವ್ವ."

"ನಂಗೇನಾಗಿಲ್ರಿ. ಪೇಷಂಟ್ ಅವ್ವ."

"ಕೈ."

ಎಸಿ ಗಾಳಿಗೆ ಅವಳ ಮೂರು ಬೆರಳಿನ ತುದಿ ಬೆಳ್ಳಗಾಗಿದ್ದವು. ಅವುಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದಳು. ವೈದ್ಯೆ ಭೂತಗನ್ನಡಿ ಹಿಡಿದು ಉಗುರಿನ ಬುಡ ನೋಡಿದರು, ಅವ್ವನದೂ ನೋಡಿದರು, ಮತ್ತೆ ಅವಳದು. ಆಮೇಲೆ ಅವಳನ್ನು ಎಕೊ ಕೋಣೆಗೆ ಕರೆದೊಯ್ದರು. ನಾನೂ ಅವ್ವನೂ ಕೂತೆವು. ಮೇಜಿನ ಮೇಲೆ ಆ ಹಾಳೆ. ಅಜ್ಜಿಯ ಸೊನ್ನೆಯನ್ನೂ ವೈದ್ಯೆ ಅರ್ಧ ಕಪ್ಪು ಮಾಡಿ, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದರು. ಅದು ನನ್ನ ಮಿಮಿಕ್ರಿಗೆ ಸಿಕ್ಕ ಮೊದಲ ಪ್ರಮಾಣಪತ್ರ. ಅವ್ವನಿಂದ ಕೆಳಗಿಳಿದ ಗೆರೆಯ ತುದಿಯಲ್ಲಿ ಶಿಲ್ಪಶ್ರೀಯ ಸೊನ್ನೆ ಇನ್ನೂ ಬೆಳ್ಳಗಿತ್ತು.

"ಆಕಿ ಲೇಸು ಕಟ್ಟೋದು ನಿಂಗ ಮೊದ್ಲೇ ಗೊತ್ತಿತ್ತೇನು?" ಅವ್ವ ಕೇಳಿದಳು.

"ಗೊತ್ತಿತ್ತು. ಅರ್ಥ ಗೊತ್ತಿರಲಿಲ್ಲ."

ವೈದ್ಯೆ ಬಂದು ಕೂತು, ಮಾತಾಡುವ ಮೊದಲೇ ಪೆನ್ನು ತೆಗೆದುಕೊಂಡರು. ನೋಡುತ್ತಿದ್ದಂತೆ ಮೂರನೆಯ ಸೊನ್ನೆಯ ಒಂದು ಬದಿ ಕಪ್ಪಾಯಿತು.

"ನಿಮ್ಮಷ್ಟಿಲ್ಲವ್ವ. ಆದ್ರ ಐತಿ. ಬೆಂಗಳೂರಿನಾಗ ಹೃದಯದೊಳಗ ನಳಿಗಿ ಬಿಟ್ಟು ಅಳೀಬೇಕು, ಅದಾದ ಮ್ಯಾಲೆ ಖಾತ್ರಿ. ಜಲ್ದಿ ಸಿಕ್ಕದ್ದು ಚಲೋ ಆತು. ಚರ್ಮ ಬಿಗಿಯೋ ಮೊದಲು ಯಾರೂ ಇಲ್ಲಿಗೆ ಬರಂಗಿಲ್ಲ." ಶಿಲ್ಪಶ್ರೀಯ ಕಡೆ ತಿರುಗಿದರು. "ಓಡಬ್ಯಾಡ. ಕಣ್ಣು ಕತ್ತಲಿ ಬಂದು ಬೀಳ್ತಿ. ಬಿದ್ದವರು ಏಳದಂಗೂ ಆಗತೈತಿ."

"ಒಂಬತ್ತು ದಿನ ಐತ್ರಿ. ಆಮ್ಯಾಲೆ ಜನ್ಮದಾಗ ಓಡಂಗಿಲ್ಲ."

"ಆ ಒಂದು ಸಲಕ್ಕೇ ನಾ ಹೇಳಾಕತ್ತಿದ್ದು."

ನಮ್ಮ ಮೂವರ ರಕ್ತ ತೆಗೆದು ಮೂರು ಕೊಳವೆಗಳಲ್ಲಿ ಹಾಕಿ ಹೆಸರು ಅಂಟಿಸಿದರು. ಉತ್ತರ ಬರಲು ಎರಡು ತಿಂಗಳು.

ಬುಕ್ಕಸಾಗರದ ಬಸ್ಸಿನಲ್ಲಿ ಶಿಲ್ಪಶ್ರೀ ಕಿಟಕಿಯ ಪಕ್ಕ ಕೂತಳು. ಕಮಲಾಪುರ ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ಮಾರಿಬಿಟ್ಟಿ ನನ್ನ."

"ಬೇಕಂತ ಮಾಡ್ಲಿಲ್ಲ ಶಿಲ್ಪಿ."

"ಬೇಕಂತ ಮಾಡಿದ್ರ ಅಷ್ಟು ಚಂದ ಬರ್ತಿರಲಿಲ್ಲ." ಮತ್ತೆ ಕಿಟಕಿಯ ಕಡೆ ತಿರುಗಿದಳು. "ಎರಡು ನಿಮಿಷಲೇ ಅಣ್ಣ. ನಾ ಕೇಳಿದ್ದು ಎರಡೇ ನಿಮಿಷ. ಪೊಲೀಸರು ತೋಳಿನ ಬಿಪಿ ಅಷ್ಟೇ ನೋಡೋದು. ತೋಳು ಫಿಟ್ ಐತಿ."

ಮುಂದಿನ ಸೀಟಿನಿಂದ ಅವ್ವ ತಿರುಗಿ ನೋಡದೆ ಹೇಳಿದಳು. "ಒಂದು ಗುಂಜಿ ಬಂಗಾರ ಕೊಡ್ಲಿಲ್ಲ ನಿಂಗ. ಇದನ್ನ ಕೊಟ್ಟೆ."

"ನೀ ಏನ್ ತಯಾರು ಮಾಡಿದ್ದಲ್ಲ. ನಿಂಗ ಕೊಟ್ಟಿದ್ದನ್ನ ನೀ ಮುಂದ ಕೊಟ್ಟಿ. ಸುಮ್ನ ಕೂಡು."

ಮನೆಯಲ್ಲಿ ಅಪ್ಪ ಆರೋಗ್ಯ ಕೇಂದ್ರದ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ತೋಳಿನಲ್ಲಿಲ್ಲದ ಬಿಪಿ ಎದೆಗೆ ಎಲ್ಲಿಂದ ಬಂತು ಎಂದು ನನ್ನನ್ನೇ ಕೇಳಿದ. "ಓಡ್ಲಿ ಬಿಡಲೇ. ದಮ್ಮೈತಿ ಆಕಿಗೆ" ಎಂದ. ಆ ಪದ ಬಾಯಿಂದ ಬಿದ್ದ ಮೇಲೆ ತಾನೇ ಕೇಳಿಸಿಕೊಂಡು ಎದ್ದು ಹೊರಗೆ ಹೋದ.

ಅದಾದ ಆರನೆಯ ದಿನ ಬೆಳಿಗ್ಗೆ ಶಿಲ್ಪಶ್ರೀ ಮತ್ತೆ ಬೂಟು ಹಾಕಿಕೊಂಡಳು. ಸಮಯ ಹಿಡಿಯಲು ನಾನು ಒಪ್ಪಲಿಲ್ಲ. ಒಪ್ಪದಿದ್ದರೆ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ಅವಳು ಅವ್ವನ ಕೈಗೆ ಮೊಬೈಲು ಕೊಟ್ಟು ಹೊರಟಳು. ಅವ್ವ ಬೇಡ ಎನ್ನಲಿಲ್ಲ. ಹಿಂದೆಯೇ ನಿಂತು ನಿಂತು ನಡೆದಳು. ಮಗಳು ಒಬ್ಬಳೇ ಬೀಳುವುದು ಬೇಡ ಎಂದಿರಬೇಕು.

ಮುಕ್ಕಾಲು ಗಂಟೆಯ ಮೇಲೆ ಇಬ್ಬರೂ ವಾಪಸು ಬಂದರು, ಒಬ್ಬರ ತೋಳು ಒಬ್ಬರು ಹಿಡಿದು. ಯಾರು ಯಾರನ್ನು ನಡೆಸುತ್ತಿದ್ದಾರೆ ಎಂದು ಹೇಳುವಂತಿರಲಿಲ್ಲ.

"ಎಷ್ಟಾತು?" ಎಂದೆ.

"ಗೊತ್ತಿಲ್ಲ," ಶಿಲ್ಪಶ್ರೀ ಕಟ್ಟೆಯ ಮೇಲೆ ಕೂತಳು. "ಅವ್ವ ಒತ್ತಿದ್ರ ಮೊಬೈಲು ಹತ್ತಲೇ ಇಲ್ಲ. ಆಕಿ ಬೆರಳು ಬೆರಳಂತ ಅದಕ್ಕ ತಿಳೀಲಿಲ್ಲ."

"ನೀನು?"

"ಕಂಬದ ತನಕ ಹೋಗ್ಲಿಲ್ಲ. ಕಣ್ಣು ಕಪ್ಪಾತು. ಎದ್ದಾಗ ಅವ್ವ ಪಕ್ಕದಾಗ ಕುಂತು ಇನ್ನೂ ಮೊಬೈಲ್ ಒತ್ತಾಕತ್ತಿದ್ಲು."

ಆದರೂ ಪರೀಕ್ಷೆಯ ದಿನ ಸ್ನಾನ ಮಾಡಿ, ಜಡೆ ಬಿಗಿದು, ಪ್ರವೇಶ ಪತ್ರ ತೆಗೆದುಕೊಂಡು, "ಗಾಡಿ ತೆಗಿ" ಎಂದಳು. ಅವ್ವ ನನ್ನ ಮುಖ ನೋಡಿದಳು. ನಾನು ಗಾಡಿ ತೆಗೆದೆ. ದಾರಿಯುದ್ದಕ್ಕೂ ಏನೇನೋ ಹೇಳಬೇಕೆಂದುಕೊಂಡೆ. ಹೊಸಪೇಟೆಯ ಮೈದಾನ ಬಂತು.

ಮನೆಯವರನ್ನು ಹಗ್ಗದ ಆಚೆ ನಿಲ್ಲಿಸಿದ್ದರು. ಎತ್ತರ ಅಳೆದರು, ಎದೆಗೆ ನಂಬರಿನ ಬಟ್ಟೆ ಕಟ್ಟಿದರು. ಮುನ್ನೂರ ಹದಿನೆಂಟು. ಸ್ಟಾಪ್‌ವಾಚು ಹಿಡಿದಿದ್ದ ಹೆಡ್ ಕಾನ್‌ಸ್ಟೆಬಲ್ಲರ ಎದೆಯ ಮೇಲೆ ನಾಗೇಂದ್ರಪ್ಪ ಎಂಬ ಹೆಸರಿತ್ತು. ಹುಡುಗಿಯರು ಸುಣ್ಣದ ಗೆರೆಯ ಮೇಲೆ ಸಾಲಾಗಿ ನಿಂತರು. ಅವಳೂ ನಿಂತಳು. ಈಗ ಕೂಗಬೇಕು ಎನಿಸಿತು. ಡಿವೈಎಸ್ಪಿಯ ದನಿ ಬರುತ್ತದೆ ನನಗೆ, ಕೋಚಿಂಗ್ ಮೇಷ್ಟ್ರದು ಬರುತ್ತದೆ, ಸತ್ತ ಅಜ್ಜಿಯದೂ ಬರುತ್ತದೆ. ಬಾಯಿ ತೆರೆದೆ. ಯಾರೂ ಬರಲಿಲ್ಲ.

ಸೀಟಿ ಊದಿದರು.

ಹುಡುಗಿಯರೆಲ್ಲ ಹೋದರು. ಗೆರೆಯ ಮೇಲೆ ಮುನ್ನೂರ ಹದಿನೆಂಟು ಒಂದೇ ಉಳಿಯಿತು.

"ಓಡವ್ವ! ಏ ಮುನ್ನೂರ ಹದಿನೆಂಟು! ಟೈಮ್ ಹೊಂಟೈತಿ!"

ಅವಳು ಕದಲಲಿಲ್ಲ. ಕೈಗಳನ್ನು ತೊಡೆಗೆ ಅಂಟಿಸಿ, ಗದ್ದ ಎತ್ತಿ, ಪರೇಡಿನಲ್ಲಿ ನಿಂತಂತೆ ನೆಟ್ಟಗೆ ನಿಂತಿದ್ದಳು. ಹಗ್ಗದ ಆಚೆ ಯಾರೋ ನಕ್ಕರು, ಯಾರೋ ಸೀಟಿ ಹೊಡೆದರು. ಮೊದಲ ಹುಡುಗಿ ಮೈದಾನ ಸುತ್ತಿ ಬಂದು ಅವಳ ಪಕ್ಕದಲ್ಲೇ ಗೆರೆ ದಾಟಿ ಬಿದ್ದಳು. ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಎರಡು ನಿಮಿಷ ಮುಗಿಯಿತು. ಮತ್ತೆ ಸೀಟಿ.

ನಾಗೇಂದ್ರಪ್ಪ ರಿಜಿಸ್ಟರು ಹಿಡಿದು ಬಂದರು. ಬಯ್ಯಲು ಬಂದವರು ಅವಳ ಮುಖ ನೋಡಿ ದನಿ ಇಳಿಸಿದರು. "ಯಾಕವ್ವ, ಆರಾಮಿಲ್ಲೇನು? ಬೆಳಿಗ್ಗೇನೇ ಹೇಳಿದ್ರ ಗೈರು ಅಂತ ಬರಕೊಂಡು ಮನಿಗೆ ಕಳಸ್ತಿದ್ದೆ. ಈಗ್ಲೂ ಬರೀತೀನಿ ತಗೋ, ಹೋಗು."

"ಗೈರು ಅಂತ ಬರೀಬ್ಯಾಡ್ರಿ ಸರ್. ಬಂದೀನಿ ನಾನು."

"ಓಡಲಿಲ್ಲಲ್ಲವ್ವ ನೀನು?"

"ಓಡಲಿಲ್ಲ ಅಂತ ಬರೀರಿ."

"ಹಂಗ ಕಾಲಂ ಇಲ್ಲ. ಪಾಸು, ಫೇಲು, ಗೈರು. ಮೂರೇ."

"ಫೇಲ್ ಬರೀರಿ ಹಂಗಾರ."

ಅವರು ಬರೆದರು. ಪೆನ್ನು ಕೊಟ್ಟರು. ಅವಳು ಸಹಿ ಮಾಡಿದಳು, ಪೂರ್ತಿ ಹೆಸರು, ಇನಿಷಿಯಲ್ ಸಮೇತ. ಆಮೇಲೆ ಎದೆಯ ನಂಬರು ಬಿಚ್ಚಿ ಮಡಿಸಿ ಕೊಟ್ಟು, ಹಗ್ಗದ ಕಡೆ ನಡೆದು ಬಂದಳು. ನಲವತ್ತು ಹೆಜ್ಜೆ ಇರಬಹುದು. ನಡುವೆ ಎರಡು ಕಡೆ ನಿಂತಳು. ಬಗ್ಗಲಿಲ್ಲ, ಏನನ್ನೂ ಹುಡುಕಲಿಲ್ಲ, ಬರೀ ನಿಂತಳು.

ನನ್ನ ಪಕ್ಕ ಬಂದು ಮೈದಾನದ ಕಡೆ ತಿರುಗಿದಳು. ಓಡಿ ಮುಗಿಸಿದ ಹುಡುಗಿಯರು ಹುಲ್ಲಿನ ಮೇಲೆ ಅಡ್ಡಾದಿಡ್ಡಿ ಬಿದ್ದು, ಮಂಡಿ ಹಿಡಿದು, ಬಾಯಿ ತೆರೆದು ಏದುಸಿರು ಬಿಡುತ್ತಿದ್ದರು. ಆ ಸದ್ದು ಹಗ್ಗದವರೆಗೂ ಕೇಳುತ್ತಿತ್ತು.

"ಕೇಳಲೇ ಅಣ್ಣ," ಎಂದಳು. "ಹೆಂಗ ಬಾಯಿ ತೆಗೆದು ಉಸಿರು ಬಿಡಾಕತ್ಯಾರ. ಒಬ್ಬಾಕೀನೂ ಮುಚ್ಚಿಡವಲ್ಲಳು."

ಒಬ್ಬೊಬ್ಬರ ಉಸಿರೂ ಹದಕ್ಕೆ ಬಂದು, ಎದ್ದು, ಬಾಟಲಿಯ ನೀರು ಕುಡಿದು, ನಗುತ್ತ ಚದುರುವವರೆಗೆ ನಾವು ಅಲ್ಲೇ ನಿಂತಿದ್ದೆವು. ಒಂದು ಹೆಜ್ಜೆಯೂ ಓಡದ ಶಿಲ್ಪಶ್ರೀಯ ಉಸಿರು ಆಗಲೂ ಹದಕ್ಕೆ ಬಂದಿರಲಿಲ್ಲ.